ಸೈಕಲ್ ಇಳಿದು ಹಿಮಾಲಯ ಹತ್ತಿದವಳು

ಸಿಯಾಚಿನ್ ಅಂದ ಕೂಡಲೇ ನಮಗೆ ನೆನಪಾಗುವುದು ಸೈನಿಕರು. 2016ರ ಫೆಬ್ರುವರಿಯಲ್ಲಿ ಹಿಮದಡಿ ಆರು ದಿನ ಸಿಲುಕಿ, ಜೀವಂತವಾಗಿ ಹೊರಬಂದು, ಕೊನೆಗೂ ಉಳಿಯದೆ ಹೋದ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಅವರ ಸುದ್ದಿಯನ್ನು ಇಡೀ ಕರ್ನಾಟಕ ಟಿವಿ ಮುಂದೆ ಕೂತು ನೋಡಿತ್ತು. ಅದೇ ಹಿಮನದಿಯ ಮೇಲೆ 1912ರಲ್ಲಿ, ಲಂಗ ತೊಟ್ಟ 53 ವರ್ಷದ ಹೆಂಗಸೊಬ್ಬಳು ಒಂದು ತಂಡದ ನಾಯಕಿಯಾಗಿ ತಿಂಗಳುಗಟ್ಟಲೆ ಓಡಾಡಿದ್ದಳು ಅಂದರೆ ನಂಬುತ್ತೀರಾ? ಅವಳ ಹೆಸರು ಫ್ಯಾನಿ ಬುಲಕ್ ವರ್ಕ್‌ಮನ್. ಅಮೆರಿಕದವಳು. ಇನ್ನೂ ಸೋಜಿಗದ ಸಂಗತಿ ಏನೆಂದರೆ, ಹಿಮಾಲಯಕ್ಕೆ ಅವಳನ್ನು ಮೊದಲು ಕರೆತಂದದ್ದು ಸೈಕಲ್.

ಫ್ಯಾನಿ ಹುಟ್ಟಿದ್ದು 1859ರ ಜನವರಿ 8ರಂದು, ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಎಂಬ ಊರಿನಲ್ಲಿ. ಅಪ್ಪ ಅಲೆಕ್ಸಾಂಡರ್ ಬುಲಕ್ ಆ ರಾಜ್ಯದ ಗವರ್ನರ್ ಆಗಿದ್ದವರು. ಮನೆಯಲ್ಲಿ ದುಡ್ಡಿಗೆ ಬರವಿರಲಿಲ್ಲ. ನ್ಯೂಯಾರ್ಕ್, ಪ್ಯಾರಿಸ್, ಡ್ರೆಸ್ಡೆನ್ ಅಂತ ಓದು ಸಾಗಿತು. 1882ರಲ್ಲಿ ತನಗಿಂತ ಹನ್ನೆರಡು ವರ್ಷ ದೊಡ್ಡವರಾದ ವಿಲಿಯಂ ಹಂಟರ್ ವರ್ಕ್‌ಮನ್ ಎಂಬ ಡಾಕ್ಟರನ್ನು ಮದುವೆಯಾದಳು. ಆ ಡಾಕ್ಟರಿಗೆ ಬೆಟ್ಟದ ಹುಚ್ಚು. ನ್ಯೂ ಹ್ಯಾಂಪ್‌ಶೈರಿನ ವೈಟ್ ಮೌಂಟನ್ಸ್‌ಗೆ ಹೆಂಡತಿಯನ್ನೂ ಕರೆದುಕೊಂಡು ಹೋದರು. ಅಲ್ಲಿ ಹೆಂಗಸರು ಗಂಡಸರ ಜೊತೆ ಬೆಟ್ಟ ಹತ್ತುವುದು ಆಗಲೇ ರೂಢಿಯಲ್ಲಿತ್ತು. ಹುಚ್ಚು ಇವಳಿಗೂ ಹತ್ತಿತು.

1889ರಲ್ಲಿ ದಂಪತಿ ಜರ್ಮನಿಗೆ ಹೋಗಿ ನೆಲೆಸಿದರು. ಆಗಲೇ ರೇಚಲ್ ಎಂಬ ಮಗಳಿದ್ದಳು. ಸೀಗ್‌ಫ್ರೀಡ್ ಎಂಬ ಮಗ ಚಿಕ್ಕ ವಯಸ್ಸಿನಲ್ಲೇ, 1893ರಲ್ಲಿ ತೀರಿಕೊಂಡ. ಆ ನಂತರ ಫ್ಯಾನಿ ಮನೆಯಲ್ಲಿ ನಿಂತದ್ದೇ ಕಡಿಮೆ. ರೇಚಲ್ ದಾದಿಯರ ಬಳಿ, ಬೋರ್ಡಿಂಗ್ ಶಾಲೆಗಳಲ್ಲಿ ಬೆಳೆದಳು. ಇದನ್ನು ಓದುವಾಗ ನನಗೆ ಕಸಿವಿಸಿಯಾಯಿತು. ಆದರೆ ವರ್ಷಗಟ್ಟಲೆ ಮನೆಬಿಟ್ಟು ತಿರುಗಿದ ಗಂಡಸು ಅನ್ವೇಷಕರ ಮಕ್ಕಳು ಎಲ್ಲಿ ಬೆಳೆದರು ಅಂತ ನಾನು ಯಾವತ್ತೂ ಕೇಳಿರಲಿಲ್ಲ ಅನ್ನುವುದೂ ಅದರ ಜೊತೆಗೇ ಹೊಳೆಯಿತು.

ಎರಡು ಸಮ ಚಕ್ರಗಳು

1890ರ ದಶಕ ಸೈಕಲ್ಲಿನ ದಶಕ. ಅದಕ್ಕೂ ಮೊದಲು ಇದ್ದದ್ದು ಮುಂದೆ ಆಳೆತ್ತರದ ಚಕ್ರ, ಹಿಂದೆ ತಟ್ಟೆಯಷ್ಟು ಚಕ್ರ ಇರುವ ಗಾಡಿ. ಲಂಗ ತೊಟ್ಟವರು ಅದನ್ನು ಹತ್ತುವ ಮಾತೇ ಇರಲಿಲ್ಲ. ಸಮ ಅಳತೆಯ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು ಇರುವ ಸೇಫ್ಟಿ ಸೈಕಲ್ ಬಂತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ. ಸವಾರಿ ಮೆತ್ತಗಾಯಿತು. ಹೆಂಗಸರು ಗುಂಪು ಗುಂಪಾಗಿ ಸೈಕಲ್ ಕಲಿತರು. ಸೈಕಲ್ ಹೊಡೆದರೆ ಹೆಂಗಸರ ಮುಖ ಬಿಗಿದುಕೊಂಡು ವಿಕಾರವಾಗುತ್ತದೆ ಎಂದು ಗಂಭೀರವಾಗಿ ಬರೆದ ಡಾಕ್ಟರರೂ ಆಗ ಇದ್ದರು!

ಫ್ಯಾನಿ ಇಂಥ ಮಾತುಗಳಿಗೆ ಕಿವಿಗೊಡಲಿಲ್ಲ. 1895ರಲ್ಲಿ ಗಂಡ ಹೆಂಡತಿ ಇಬ್ಬರೂ ಸ್ಪೇನ್ ದೇಶವನ್ನು ಸೈಕಲ್ಲಿನಲ್ಲಿ ಸುತ್ತಿದರು. ಸುಮಾರು 4,500 ಕಿ.ಮೀ. ಆಮೇಲೆ 1897ರ ಕೊನೆಯಲ್ಲಿ ನಮ್ಮ ಕಡೆ ಹೊರಟರು. ಭಾರತ, ಸಿಲೋನ್, ಬರ್ಮಾ, ಜಾವಾ ಎಲ್ಲ ಸೇರಿ ಎರಡೂವರೆ ವರ್ಷದ ಪ್ರವಾಸ, ಒಟ್ಟು 14,000 ಮೈಲಿ, ಅಂದರೆ ಸುಮಾರು 22,500 ಕಿ.ಮೀ. ಅದರಲ್ಲಿ ಭಾರತದ ದಕ್ಷಿಣ ತುದಿಯಿಂದ ಹಿಮಾಲಯದವರೆಗಿನ ದಾರಿಯೇ ಸುಮಾರು 6,400 ಕಿ.ಮೀ. ಹೊರಟಾಗ ಅವಳಿಗೆ 38, ಗಂಡನಿಗೆ 50.

ಸೈಕಲ್ಲಿನ ಮೇಲೆ ಇದ್ದ ಸಾಮಾನಿನ ಪಟ್ಟಿ ನೋಡಿ: ಟೀಪುಡಿ, ಸಕ್ಕರೆ, ಬಿಸ್ಕತ್ತು, ಚೀಸ್, ಡಬ್ಬಿಯ ಮಾಂಸ, ನೀರು, ದಿಂಬು, ಒಬ್ಬೊಬ್ಬರಿಗೆ ಒಂದೊಂದು ಕಂಬಳಿ, ಬರೆಯುವ ಸಾಮಗ್ರಿ, ಔಷಧಿ, ರಿಪೇರಿ ಸಾಮಾನು. ಊಟ, ವಸತಿ ಸಿಗಲೆಂದು ರೈಲು ಹಾದಿಯ ಅಕ್ಕಪಕ್ಕದ ದೊಡ್ಡ ರಸ್ತೆಗಳನ್ನೇ ಹಿಡಿದರು. ಬೇರೆಲ್ಲೂ ಜಾಗ ಸಿಗದಿದ್ದರೆ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲೇ ಮಲಗಿದರು. ಒಮ್ಮೊಮ್ಮೆ ಒಂದೇ ದಿನಕ್ಕೆ 40 ಪಂಕ್ಚರ್ ಆಗುತ್ತಿದ್ದವಂತೆ.

ಈ 40 ಎಂಬ ಸಂಖ್ಯೆ ನನಗೆ ಎಷ್ಟು ದೊಡ್ಡದು ಅಂತ ಗೊತ್ತಾಗಲು ಒಂದು ಕಾರಣವಿದೆ. ಕಳೆದ ಚಳಿಗಾಲದಲ್ಲಿ ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದಲ್ಲಿ ಹೆಣ್ಣುಮಕ್ಕಳಿಗೆಂದೇ ಎರಡು ದಿನದ ಮೌಂಟನ್ ಸೈಕಲ್ ತರಬೇತಿ ಇತ್ತು. ರಾತ್ರಿ ಟೆಂಟಿನಲ್ಲಿ ವಾಸ. ನಾವು ಹದಿನಾಲ್ಕು ಜನ. ಮೊದಲ ದಿನ ಬೆಳಿಗ್ಗೆಯೆಲ್ಲ ಸಮತಟ್ಟಾದ ಕಣದಲ್ಲೇ ಪಾಠ. ಇಳಿಜಾರಿನಲ್ಲಿ ಸೀಟು ಬಿಟ್ಟು ಎದ್ದು, ಎರಡೂ ಪೆಡಲ್ ಒಂದೇ ಮಟ್ಟದಲ್ಲಿಟ್ಟು, ಮೈಭಾರ ಹಿಂದಕ್ಕೆ ಹಾಕುವುದು. ಬ್ರೇಕನ್ನು ಮುಷ್ಟಿಯಲ್ಲಿ ಹಿಸುಕದೆ ಒಂದು ಬೆರಳಿನಲ್ಲಿ ಅದುಮುವುದು. ಎದುರಿನ ಕಲ್ಲನ್ನು ನೋಡದೆ, ಹೋಗಬೇಕಾದ ಜಾಗವನ್ನು ನೋಡುವುದು. ಕಲ್ಲನ್ನೇ ನೋಡುತ್ತಿದ್ದರೆ ಸೈಕಲ್ ಕಲ್ಲಿಗೇ ಹೋಗುತ್ತದೆ! ಮಧ್ಯಾಹ್ನದ ಪಾಠ ಪಂಕ್ಚರ್. ಚಕ್ರ ಕಳಚಿ, ಟಯರ್ ಎಬ್ಬಿಸಿ, ತೂತು ಹುಡುಕಿ, ಪ್ಯಾಚ್ ಹಾಕಿ, ಮತ್ತೆ ಕೂರಿಸಿ ಗಾಳಿ ಹೊಡೆಯುವಷ್ಟರಲ್ಲಿ ನನಗೆ 25 ನಿಮಿಷ ಹಿಡಿಯಿತು. ಫ್ಯಾನಿಯ ಹೆಸರು ಮೊದಲು ಕಿವಿಗೆ ಬಿದ್ದದ್ದು ಅಲ್ಲೇ, ನಮಗೆ ಕಲಿಸಿದ ಅಕ್ಕನ ಬಾಯಿಂದ.

ಲೆಕ್ಕ ಹಾಕಿ ನೋಡಿದೆ. ನನ್ನ ವೇಗದಲ್ಲಿ 40 ಪಂಕ್ಚರ್ ಹಾಕಲು 16 ಗಂಟೆ 40 ನಿಮಿಷ ಬೇಕು. ಅವರು ಅದನ್ನೆಲ್ಲ ಮುಗಿಸಿ, ಉಳಿದ ಹೊತ್ತಿನಲ್ಲಿ ಮುಂದಿನ ಊರು ಮುಟ್ಟಬೇಕಿತ್ತು. ನಮ್ಮ ಸೈಕಲ್ಲಿಗೆ ಗೇರು, ಡಿಸ್ಕ್ ಬ್ರೇಕು, ಮುಂದೆ ಸಸ್ಪೆನ್ಷನ್ ಇದ್ದವು. ಆ ಕಾಲದ ಸಾಮಾನ್ಯ ಸೈಕಲ್ಲಿಗೆ ಇವು ಯಾವುವೂ ಇರಲಿಲ್ಲ.

ಅಳತೆಯ ಹಠ

1898ರ ಬೇಸಿಗೆ. ಬಯಲಿನ ಬಿಸಿಲು ತಾಳಲಾರದೆ ಸೈಕಲ್ ಬಿಟ್ಟು ಕಾಲ್ನಡಿಗೆಯಲ್ಲಿ ಕಾಶ್ಮೀರ, ಲಡಾಖ್ ಕಡೆಗೆ ಹತ್ತಿದರು. ಅಲ್ಲಿಂದ ಫ್ಯಾನಿಯ ಬದುಕೇ ಬೇರೆಯಾಯಿತು. ಮುಂದಿನ ಹದಿನಾಲ್ಕು ವರ್ಷಗಳಲ್ಲಿ ಮತ್ತೆ ಮತ್ತೆ ಹಿಮಾಲಯ ಮತ್ತು ಕಾರಕೋರಂಗೆ ಬಂದಳು. 1899ರಲ್ಲಿ ಬಿಯಾಫೊ ಹಿಮನದಿ, ಆಮೇಲೆ ಚೋಗೊ ಲುಂಗ್ಮಾ, 1908ರಲ್ಲಿ ಹಿಸ್ಪಾರ್. 1906ರಲ್ಲಿ, 47ರ ವಯಸ್ಸಿನಲ್ಲಿ, ನುನ್ ಕುನ್ ಪರ್ವತಗಳ ನಡುವಿನ ಪಿನಾಕಲ್ ಶಿಖರ ಹತ್ತಿದಳು. ಹೆಂಗಸರಲ್ಲಿ ಅಷ್ಟು ಎತ್ತರಕ್ಕೆ ಅದುವರೆಗೆ ಯಾರೂ ಹೋಗಿರಲಿಲ್ಲ. ಆ ದಾಖಲೆ 1934ರವರೆಗೆ ಉಳಿಯಿತು.

ಆದರೆ ಎರಡೇ ವರ್ಷದಲ್ಲಿ ಅದಕ್ಕೆ ಕುತ್ತು ಬಂತು. 1908ರಲ್ಲಿ ಇನ್ನೊಬ್ಬ ಅಮೆರಿಕನ್ ಮಹಿಳೆ ಆನಿ ಸ್ಮಿತ್ ಪೆಕ್, ಪೆರು ದೇಶದ ವಾಸ್ಕರಾನ್ ಪರ್ವತದ ಉತ್ತರ ಶಿಖರ ಹತ್ತಿ ಬಂದರು. ಅದು 24,000 ಅಡಿ ಇರಬಹುದು ಎಂಬುದು ಅವರ ಅಂದಾಜು. ಹಾಗಿದ್ದರೆ ದಾಖಲೆ ಅವರದು. ಫ್ಯಾನಿ ಏನು ಮಾಡಿದಳು ಗೊತ್ತೇ? ಸುಮಾರು 13,000 ಡಾಲರ್ ಕೈಯಿಂದ ಹಾಕಿ, ಫ್ರಾನ್ಸಿನ ಸರ್ವೆ ತಂಡವೊಂದನ್ನು ಪೆರುವಿಗೆ ಕಳಿಸಿ ಆ ಬೆಟ್ಟವನ್ನೇ ಅಳೆಸಿದಳು! ಸಿಕ್ಕ ಅಳತೆ 21,812 ಅಡಿ. ದಾಖಲೆ ಫ್ಯಾನಿಯ ಬಳಿಯೇ ಉಳಿಯಿತು.

ನಾನು ಸಿವಿಲ್ ವಿದ್ಯಾರ್ಥಿನಿ. ಸರ್ವೆ ಲ್ಯಾಬಿನಲ್ಲಿ ಕಾಲೇಜಿನ ನೀರಿನ ಟ್ಯಾಂಕಿನ ಎತ್ತರ ಕಂಡುಹಿಡಿಯಲು ನಾವು ಮಾಡುವುದೂ ಅದೇ ತತ್ವದ ಕೆಲಸ. ನೆಲದ ಮೇಲೆ ಒಂದು ಗೆರೆಯನ್ನು ಸರಿಯಾಗಿ ಅಳೆದು, ಅದರ ಎರಡು ತುದಿಗಳಿಂದ ಥಿಯೋಡೊಲೈಟಿನಲ್ಲಿ ಕೋನ ಹಿಡಿದು, ತ್ರಿಕೋನಮಿತಿಯಿಂದ ಎತ್ತರ ತೆಗೆಯುವುದು. ಟ್ಯಾಂಕಿನ ಮೇಲೆ ಹತ್ತಬೇಕಾಗಿಲ್ಲ. ಬೆಟ್ಟ ಹತ್ತುವವರ ಬಳಿ ಆಗ ಇರುತ್ತಿದ್ದದ್ದು ಬೇರೆ ಉಪಾಯ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಕುದಿಯುವ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ಎತ್ತರ ಲೆಕ್ಕ ಹಾಕುತ್ತಿದ್ದರು. ಆ ದಿನದ ಹವೆ ಬದಲಾದರೆ ಲೆಕ್ಕವೂ ತಪ್ಪುತ್ತದೆ.

ಫ್ಯಾನಿಯ ಲೆಕ್ಕವೂ ಇದಕ್ಕೆ ಹೊರತಾಗಿರಲಿಲ್ಲ. ಪಿನಾಕಲ್ ಶಿಖರ 23,300 ಅಡಿ ಎಂದು ಅವಳು ಹೇಳಿದ್ದಳು. ಈಗಿನ ಅಳತೆ ಸುಮಾರು 22,735 ಅಡಿ. ಪಕ್ಕದವಳ ಬೆಟ್ಟವನ್ನು ತಗ್ಗಿಸಿದ ಅದೇ ವಿಧಾನ, ಮುಂದೆ ಅವಳ ಬೆಟ್ಟವನ್ನೂ ತಗ್ಗಿಸಿತು. ದಾಖಲೆಯೇನೂ ಹೋಗಲಿಲ್ಲ ಅನ್ನಿ. ಇದರಲ್ಲಿ ಹೊಟ್ಟೆಕಿಚ್ಚು ಇತ್ತೇ? ಖಂಡಿತ ಇತ್ತು. ಆದರೆ ಹೆಂಗಸರು ಹತ್ತಿದರು ಅಂದರೆ ಯಾರೂ ಸುಮ್ಮನೆ ನಂಬದ ಕಾಲವದು. ಮಾಡಿದ್ದು ಸಾಲದು, ಮಾಡಿದ್ದಕ್ಕೆ ಅಂಕಿ ಬೇಕು, ನಕ್ಷೆ ಬೇಕು, ಫೋಟೊ ಬೇಕು ಎಂಬುದನ್ನು ಫ್ಯಾನಿ ಬೇಗ ಅರ್ಥ ಮಾಡಿಕೊಂಡಿದ್ದಳು. 1905ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಭಾಷಣ ಮಾಡಿದಳು. ಇಸಬೆಲ್ಲಾ ಬರ್ಡ್ ಬಿಟ್ಟರೆ ಅಲ್ಲಿ ಮಾತಾಡಿದ ಮಹಿಳೆ ಅವಳೇ. ಆ ಸಂಸ್ಥೆ ಹೆಂಗಸರಿಗೆ ಸದಸ್ಯತ್ವದ ಬಾಗಿಲನ್ನು ಪೂರ್ತಿ ತೆರೆದದ್ದು 1913ರಲ್ಲಿ. ಪ್ಯಾರಿಸಿನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟ ಮೊದಲ ಅಮೆರಿಕನ್ ಮಹಿಳೆಯೂ ಅವಳೇ.

ಟೆಂಟು ಹೊತ್ತವರು

ಇಲ್ಲಿಗೇ ನಿಲ್ಲಿಸಿದರೆ ಇದು ಬರೀ ಸ್ಫೂರ್ತಿಯ ಕಥೆಯಾಗುತ್ತದೆ. ಆದರೆ ಹಿಮದ ಮೇಲೆ ಹೂಡಿದ ಆ ಟೆಂಟುಗಳು ತಾವಾಗಿ ನಡೆದು ಹೋಗಿರಲಿಲ್ಲ.

ನಮ್ಮ ಶಿಬಿರಕ್ಕೆ ಟೆಂಟು, ಪಾತ್ರೆ, ನೀರಿನ ಕ್ಯಾನು ಎಲ್ಲ ಜೀಪಿನಲ್ಲಿ ಬಂದಿದ್ದವು. ಫ್ಯಾನಿಯ ಕಾಲದಲ್ಲಿ ಅವು ಬಂದದ್ದು ಆಳುಗಳ ಬೆನ್ನಿನ ಮೇಲೆ. ಆ ಆಳುಗಳ ಜೊತೆ ವರ್ಕ್‌ಮನ್ ದಂಪತಿಗೆ ಮೊದಲಿಂದಲೂ ಜಗಳ. 1898ರಲ್ಲಿ ಸಿಕ್ಕಿಂ ಕಡೆ ಹೊರಟಾಗ ಆಳುಗಳು ಬೇಗ ನಡೆಯಲಿಲ್ಲ ಎಂಬ ತಕರಾರಾಗಿ, ಕೆಲವೇ ದಿನಗಳಲ್ಲಿ ವಾಪಸ್ ಬಂದರು. ಆಮೇಲಿನ ಪ್ರವಾಸಗಳಲ್ಲೂ ಹೊರೆ ಬಿಟ್ಟು ಹೋದವರಿದ್ದಾರೆ. ದಂಪತಿಯ ಪುಸ್ತಕಗಳಲ್ಲಿ ಅವರ ಬಗ್ಗೆ ದೂರೇ ಹೆಚ್ಚು. ತಣ್ಣಗೆ ಯೋಚಿಸಿದರೆ, ಚಳಿಗಾಲ ಹತ್ತಿರ ಬರುತ್ತಿರುವಾಗ, ಯಾರದೋ ದಾಖಲೆಗಾಗಿ, ಹಿಮದ ಮೇಲೆ ಹೊರೆ ಹೊತ್ತು ನಡೆ ಅಂದರೆ ಯಾರಿಗೆ ತಾನೇ ಮನಸ್ಸು ಬರುತ್ತದೆ? ಹೆಂಗಸರಿಗೆ ನ್ಯಾಯ ಕೇಳಿದ ಫ್ಯಾನಿಗೆ, ಪಕ್ಕದಲ್ಲೇ ನಡೆಯುತ್ತಿದ್ದ ಈ ಜನರ ಕಷ್ಟ ಕಾಣಿಸಲಿಲ್ಲ. ಆಳುವವರ ಕಣ್ಣಿನಲ್ಲೇ ಅವಳು ನಮ್ಮ ದೇಶವನ್ನು ನೋಡಿದಳು.

1912ರ ಸಿಯಾಚಿನ್ ಪ್ರವಾಸದಲ್ಲಿ ಚೆನೋಜ್ ಎಂಬ ಇಟಲಿಯ ಆಳು ಹಿಮದ ಬಿರುಕಿಗೆ ಬಿದ್ದು ಸತ್ತ. ದುಃಖದ ನಡುವೆಯೇ ಕೆಲಸ ಮುಂದುವರಿಯಿತು. ಗ್ರಾಂಟ್ ಪೀಟರ್‌ಕಿನ್ ಮತ್ತು ಸರ್ಜನ್ ಸಿಂಗ್ ಎಂಬ ಇಬ್ಬರು ಸರ್ವೆಯರುಗಳು ಜೊತೆಗಿದ್ದರು. 70 ಕಿ.ಮೀ.ಗೂ ಉದ್ದದ ಆ ಹಿಮನದಿಯ ಒಳ್ಳೆಯ ನಕ್ಷೆಯೊಂದು ಆ ಪ್ರವಾಸದಿಂದ ಸಿಕ್ಕಿತು. ಗಂಡ ಹೆಂಡತಿ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಒಂದು ಸಲ ಒಬ್ಬರು ಪ್ರವಾಸದ ಹೊಣೆ ಹೊತ್ತರೆ ಇನ್ನೊಬ್ಬರು ಫೋಟೊ, ವಿಜ್ಞಾನದ ಕೆಲಸ ನೋಡಿಕೊಳ್ಳಬೇಕು. ಮುಂದಿನ ಸಲ ಅದಲುಬದಲು. ಸಿಯಾಚಿನ್ನಿನ ಹೊಣೆ ಫ್ಯಾನಿಯದು. ಇದನ್ನು ಅವಳು ಪುಸ್ತಕದಲ್ಲಿ ಸ್ಪಷ್ಟವಾಗಿ ದಾಖಲಿಸಿದಳು. ಹೆಂಗಸರು ಮಾಡಿದ ಕೆಲಸ ಮುಂದೆ ಗಂಡಸರ ಲೆಕ್ಕಕ್ಕೆ ಹೋಗಬಾರದು ಎಂಬ ಎಚ್ಚರ ಅವಳದು.

ಆ ಪ್ರವಾಸದ ಒಂದು ಫೋಟೊ ಇವತ್ತಿಗೂ ಪ್ರಸಿದ್ಧ. ಸುಮಾರು 21,000 ಅಡಿ ಎತ್ತರದ ಹಿಮದ ಬಯಲಿನಲ್ಲಿ, ದಪ್ಪ ಬಟ್ಟೆ, ಹ್ಯಾಟು ತೊಟ್ಟ ಫ್ಯಾನಿ ಒಂದು ಪತ್ರಿಕೆಯನ್ನು ಬಿಡಿಸಿ ಹಿಡಿದು ನಿಂತಿದ್ದಾಳೆ. ಅದು ವೋಟ್ಸ್ ಫಾರ್ ವಿಮೆನ್. ಹೆಂಗಸರಿಗೆ ಮತದಾನದ ಹಕ್ಕು ಕೇಳುತ್ತಿದ್ದ ಇಂಗ್ಲೆಂಡಿನ ಪತ್ರಿಕೆ. ಇಂಗ್ಲೆಂಡಿನ ಹೆಂಗಸರಲ್ಲಿ ಒಂದು ಭಾಗಕ್ಕೆ ಆ ಹಕ್ಕು ಬಂದದ್ದು 1918ರಲ್ಲಿ. ಅಮೆರಿಕದ ಸಂವಿಧಾನಕ್ಕೆ ತಿದ್ದುಪಡಿಯಾದದ್ದು 1920ರಲ್ಲಿ. ಅಂದರೆ ಅಷ್ಟು ಎತ್ತರ ಹತ್ತಿದವಳಿಗೂ ಆಗ ಇಡೀ ದೇಶದ ಚುನಾವಣೆಯಲ್ಲಿ ಹಕ್ಕಿನಿಂದ ವೋಟು ಹಾಕಲು ಆಗುತ್ತಿರಲಿಲ್ಲ.

ಉಳಿದದ್ದು ಏನು?

ಸಿಯಾಚಿನ್ ಪುಸ್ತಕ 1917ರಲ್ಲಿ ಬಂತು. ಆಮೇಲೆ ಆರೋಗ್ಯ ಕೆಟ್ಟಿತು. 1925ರ ಜನವರಿ 22ರಂದು ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ಫ್ಯಾನಿ ತೀರಿಕೊಂಡಳು. ಉಯಿಲಿನಲ್ಲಿ ರ‍್ಯಾಡ್‌ಕ್ಲಿಫ್, ವೆಲೆಸ್ಲಿ, ಸ್ಮಿತ್, ಬ್ರಿನ್ ಮಾರ್ ಎಂಬ ನಾಲ್ಕು ಮಹಿಳಾ ಕಾಲೇಜುಗಳಿಗೆ ಒಟ್ಟು 1,25,000 ಡಾಲರ್ ಬಿಟ್ಟುಹೋಗಿದ್ದಳು. ಅವಳಿಂದ ದೂರವೇ ಬೆಳೆದ ರೇಚಲ್ ಭೂವಿಜ್ಞಾನಿಯಾದಳು. 1919ರಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿ ಮೊದಲ ಬಾರಿಗೆ ಹೆಂಗಸರನ್ನು ಫೆಲೋಗಳಾಗಿ ಸೇರಿಸಿಕೊಂಡಾಗ, ಆ ಮೊದಲ ಗುಂಪಿನಲ್ಲಿ ಅವಳೂ ಇದ್ದಳು.

ನನ್ನ ವಯಸ್ಸಿನ ಹುಡುಗಿಯರಿಗೆ ಫ್ಯಾನಿಯಂಥ ಅಪ್ಪನ ಆಸ್ತಿ ಇಲ್ಲ. ಎರಡು ದಿನ ಹೊರಗಿರಲು ಮನೆಯಲ್ಲಿ ಒಪ್ಪಿಸುವುದೇ ನಮಗೆ ಮೊದಲ ಬೆಟ್ಟ. ಆದರೂ ಅವಳಿಂದ ಕಲಿಯಬಹುದಾದ ಒಂದು ಕೆಲಸಕ್ಕೆ ಆಸ್ತಿ ಬೇಕಾಗಿಲ್ಲ. ಎಲ್ಲಿಗೆ ಹೋದೆವು, ಎಷ್ಟು ದೂರ, ಎಷ್ಟು ಎತ್ತರ, ಯಾರು ಮುಂದೆ ನಿಂತು ನಡೆಸಿದರು ಎಂದು ಬರೆದಿಡುವುದು. ಬರೆಯದಿದ್ದರೆ ಇನ್ಯಾರೋ ಅವರಿಗೆ ತೋಚಿದಂತೆ ಬರೆಯುತ್ತಾರೆ, ಇಲ್ಲವೇ ಬರೆಯುವುದೇ ಇಲ್ಲ. ಫ್ಯಾನಿಯ ಟೆಂಟು ಹೊತ್ತ ನೂರಾರು ಬಾಲ್ಟಿ ಜನರಿಗೆ ಆದದ್ದು ಅದೇ. ಹಾಗಾಗಿ ನಾವು ಬರೆಯುವ ಪುಟದಲ್ಲಿ ಹೊರೆ ಹೊತ್ತವರ ಹೆಸರಿಗೂ ಒಂದು ಸಾಲು ಇರಲಿ.