ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡಲ್ವಾ? ಗುತ್ತಿ ಬಯಲಲ್ಲಿ ಸರಪಳಿ ಹಿಡಿದ ಲ್ಯಾಂಬ್ಟನ್ ಕಥೆ ಓದಿ

ಕೊಟ್ಟೂರು ತೇರಿನ ಜನಜಂಗುಳಿಯಲ್ಲಿ ಫೋನಿಗೆ ನೆಟ್ ಸಿಗುವುದು ಕಷ್ಟ. ಕೂಡ್ಲಿಗಿ ತಾಲೂಕಿನ ಗುಡೇಕೋಟೆ ಕಡೆ ಕಲ್ಲುಗುಡ್ಡಗಳ ಮರೆಗೆ ಹೋದರೂ ಅಷ್ಟೇ. ಆಗ ನಮ್ಮಲ್ಲಿ ಬಹಳ ಜನ, ನೆಟ್ ಇಲ್ಲ ಅಂದಮೇಲೆ ಲೊಕೇಶನ್ನೂ ಸಿಗಲ್ಲ ಎಂದುಕೊಂಡು ಫೋನನ್ನು ಜೇಬಿಗಿಳಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ಹೊಲದಲ್ಲಿ ಹಾವು ಕಚ್ಚಿದಾಗಲೋ, ಗುಡ್ಡದಲ್ಲಿ ಕರಡಿ ಮೈಮೇಲೆ ಬಿದ್ದಾಗಲೋ ಈ ತಪ್ಪು ಜೀವಕ್ಕೆ ಎರವಾಗಬಹುದು.

ನಾವು ಎಲ್ಲಿದ್ದೇವೆ ಎಂದು ತಿಳಿಯಲು ಇಂಟರ್ನೆಟ್ ಬೇಕಿಲ್ಲ. ಜಾಗ ಮೊದಲೇ ಗೊತ್ತಿರುವ ಕೆಲವು ಗುರುತುಗಳು ಬೇಕು, ಅವುಗಳಿಂದ ಅಳತೆ ಬೇಕು, ಉಳಿದದ್ದು ಲೆಕ್ಕ. ಈ ಲೆಕ್ಕವನ್ನು 200 ವರ್ಷಗಳ ಹಿಂದೆ ನಮ್ಮ ನೆಲದ ಮೇಲೆಯೇ ಮಾಡಿ ತೋರಿಸಿದವನು ವಿಲಿಯಂ ಲ್ಯಾಂಬ್ಟನ್.

ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಬಡ ಮನೆಯಲ್ಲಿ ಹುಟ್ಟಿದವನು ಈತ. ಸೈನ್ಯ ಸೇರಿ ಅಮೆರಿಕದ ಯುದ್ಧಕ್ಕೆ ಹೋದ, ಅಲ್ಲಿ ಸೆರೆ ಸಿಕ್ಕ. ಆಮೇಲೆ ಕೆನಡಾ ಕಡೆ ವರ್ಷಗಟ್ಟಲೆ ಸಣ್ಣ ಹುದ್ದೆಯಲ್ಲಿ ಕೊಳೆಯುತ್ತಾ ಗಣಿತ, ಖಗೋಳ ಓದಿಕೊಂಡ. ಭಾರತಕ್ಕೆ ಬಂದಾಗ ವಯಸ್ಸು 40 ದಾಟಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ವೇಳೆ ಒಂದು ರಾತ್ರಿ ಜನರಲ್ ಬೇರ್ಡ್‌ನ ಪಡೆ ಕತ್ತಲಲ್ಲಿ ದಾರಿ ತಪ್ಪಿ ಶತ್ರುವಿನ ಕಡೆಗೇ ನಡೆಯುತ್ತಿತ್ತು. ನಕ್ಷತ್ರ ನೋಡಿ ಅದನ್ನು ಹೇಳಿದವನು ಲ್ಯಾಂಬ್ಟನ್. ಬೇರ್ಡ್ ಮೊದಲು ನಂಬಲಿಲ್ಲ. ಆದರೆ ಲೆಕ್ಕ ಸರಿಯಿತ್ತು.

ಟಿಪ್ಪು ಸತ್ತ ಮೇಲೆ ಇಡೀ ದಕ್ಷಿಣ ಭಾರತವನ್ನು ಅಳೆಯುತ್ತೇನೆಂದು ಆತ ಕಂಪನಿ ಸರ್ಕಾರದ ಮುಂದೆ ಯೋಜನೆ ಇಟ್ಟ. ಕಂಪನಿಗೆ ಕಂದಾಯ ಬೇಕಿತ್ತು, ಸೈನ್ಯ ಸಾಗಿಸಲು ನಕ್ಷೆ ಬೇಕಿತ್ತು, ಒಪ್ಪಿತು. ಲ್ಯಾಂಬ್ಟನ್‌ಗೆ ಬೇಕಿದ್ದುದು ಭೂಮಿಯ ನಿಜವಾದ ಆಕಾರ. ಇಬ್ಬರ ಗುರಿ ಬೇರೆ, ಖರ್ಚು ಒಂದೇ!

1800ರ ಕೊನೆಗೆ ಬೆಂಗಳೂರಿನ ಹತ್ತಿರ ಮೊದಲ ಅಳತೆ ನಡೆಯಿತು. ಸುಮಾರು 12 ಕಿ.ಮೀ. ಉದ್ದದ ನೇರ ಗೆರೆ. ಅಳೆದದ್ದು 100 ಅಡಿಯ ಉಕ್ಕಿನ ಸರಪಳಿಯಿಂದ. ಆ ಸರಪಳಿ ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿ, ಅಲ್ಲಿ ಬೇಡವೆನಿಸಿಕೊಂಡು ವಾಪಸ್ ಬಂದದ್ದು. ಬಿಸಿಲಿಗೆ ಉಕ್ಕು ಹಿಗ್ಗುತ್ತದಲ್ಲ, ಅದಕ್ಕೆ ಸರಪಳಿಯನ್ನು ಮರದ ತೊಟ್ಟಿಗಳಲ್ಲಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಲೆಕ್ಕ ತಿದ್ದುತ್ತಿದ್ದ.

ಅಷ್ಟು ಕಷ್ಟಪಟ್ಟು ಅಳೆದದ್ದು ಒಂದೇ ಗೆರೆ. ಮುಂದಿನದೆಲ್ಲ ಕೋನ. ಗೆರೆಯ ಎರಡು ತುದಿಗಳಿಂದ ದೂರದ ಗುಡ್ಡವೊಂದನ್ನು ಥಿಯೋಡೊಲೈಟ್ ಎಂಬ ಯಂತ್ರದಲ್ಲಿ ನೋಡಿ ಕೋನ ಹಿಡಿದರೆ ತ್ರಿಕೋನ ಸಿಕ್ಕಿತು, ಗುಡ್ಡದ ಜಾಗ ಸಿಕ್ಕಿತು. ಆ ಗುಡ್ಡದಿಂದ ಮುಂದಿನ ಗುಡ್ಡ, ಅಲ್ಲಿಂದ ಇನ್ನೊಂದು. ಯಾವ ಗುಡ್ಡಕ್ಕೂ ಇಡೀ ದೇಶ ಕಾಣಬೇಕಿಲ್ಲ, ಅಕ್ಕಪಕ್ಕದ ಗುಡ್ಡ ಕಂಡರೆ ಸಾಕು.

ಇಲ್ಲೊಂದು ತೊಡಕು. ಒಂದು ಗುಡ್ಡದಲ್ಲಿ ಆದ ಸಣ್ಣ ತಪ್ಪು ಮುಂದಿನ ಗುಡ್ಡಕ್ಕೆ ದಾಟುತ್ತದೆ, ದೂರ ಹೋದಂತೆ ಬೆಳೆಯುತ್ತದೆ. ಅದಕ್ಕೇ ಆತ ಅಲ್ಲಲ್ಲಿ ನಿಂತು ಮತ್ತೆ ಸರಪಳಿ ಹಾಕಿಸುತ್ತಿದ್ದ. 1802ರಲ್ಲಿ ಮದ್ರಾಸಿನಲ್ಲಿ ಹೊಸ ಗೆರೆ ಅಳೆದು, ಅಲ್ಲಿಂದ ತ್ರಿಕೋನಗಳ ಮೇಲೆ ಲೆಕ್ಕ ಮಾಡುತ್ತ ಬೆಂಗಳೂರಿಗೆ ಬಂದು, 1804ರಲ್ಲಿ ಇಲ್ಲಿನ ನೆಲವನ್ನು ಮತ್ತೆ ಅಳೆದಾಗ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ 4 ಇಂಚಿಗೂ ಕಡಿಮೆ. ಮದ್ರಾಸಿನಿಂದ ಮಂಗಳೂರಿಗೆ ಹಳೆಯ ನಕ್ಷೆಗಳು ತೋರಿಸುತ್ತಿದ್ದ ದೂರದಲ್ಲಿ ಸುಮಾರು 40 ಮೈಲಿ ಹೆಚ್ಚಾಗಿತ್ತು ಎಂಬುದೂ ಈತನಿಂದಲೇ ಗೊತ್ತಾಯಿತು.

ಅರ್ಧ ಟನ್ ತೂಕದ ಆ ದೊಡ್ಡ ಥಿಯೋಡೊಲೈಟ್‌ನದ್ದೇ ಇನ್ನೊಂದು ಕಥೆ. ಬರುವ ದಾರಿಯಲ್ಲಿ ಹಡಗನ್ನು ಫ್ರೆಂಚರು ಹಿಡಿದರು. ವಿಜ್ಞಾನದ ಯಂತ್ರ ಎಂದು ತಿಳಿದ ಮೇಲೆ ಮರ್ಯಾದೆಯಿಂದ ಕಳಿಸಿಕೊಟ್ಟರು. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಹಗ್ಗ ಕಟ್ಟಿ ಏರಿಸುವಾಗ ಅದು ಗೋಡೆಗೆ ಬಡಿದು ನಜ್ಜಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಕೂತು ವಾರಗಟ್ಟಲೆ ತಾನೇ ರಿಪೇರಿ ಮಾಡಿದ. ಯಂತ್ರ ಹೊತ್ತವರು, ಗುಡ್ಡದ ಮೇಲೆ ಬಾವುಟ ಹಿಡಿದು ನಿಂತವರು ನಮ್ಮ ಜನ. ಅವರಲ್ಲಿ ಎಷ್ಟೋ ಮಂದಿ ಕಾಡುಜ್ವರಕ್ಕೆ ಬಲಿಯಾದರು. ಇತಿಹಾಸ ಅವರ ಹೆಸರು ಬರೆದಿಡಲಿಲ್ಲ ಎಂಬುದು ನಮಗೆ ಬೇಸರದ ಸಂಗತಿ.

1811ರಲ್ಲಿ ಸರಪಳಿ ಗುತ್ತಿಗೆ ಬಂತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಊರುಗಳು 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲೇ ಇವೆ, ಗುತ್ತಿಯೂ ಹಾಗೇ. ಕೂಡ್ಲಿಗಿಯಿಂದ ನೇರ ಮೂಡಲಿಗೆ ಗೆರೆ ಎಳೆದರೆ ಸುಮಾರು 130 ಕಿ.ಮೀ. ದೂರದಲ್ಲಿ ಗುತ್ತಿಯ ಸೀಮೆ. ಹರಪನಹಳ್ಳಿಯನ್ನೇ ನೋಡಿ: ಬಳ್ಳಾರಿ ಜಿಲ್ಲೆಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ವಿಳಾಸ ಬದಲಾಯಿತು, ಅಕ್ಷಾಂಶ-ರೇಖಾಂಶ ಕದಲಲಿಲ್ಲ.

ಅಳೆಯುತ್ತ ಉತ್ತರಕ್ಕೆ ಹೋದ ಲ್ಯಾಂಬ್ಟನ್ 1823ರ ಜನವರಿ 20ರಂದು ಈಗಿನ ಮಹಾರಾಷ್ಟ್ರದ ಹಿಂಗನ್‌ಘಾಟ್‌ನಲ್ಲಿ ಕೆಲಸದ ದಾರಿಯಲ್ಲೇ ತೀರಿಕೊಂಡ. ಕೆಲಸ ಮುಂದುವರಿಸಿದವನು ಸಹಾಯಕ ಜಾರ್ಜ್ ಎವರೆಸ್ಟ್. ಶಿಖರಕ್ಕೆ ಹೆಸರು ಸಿಕ್ಕಿದ್ದು ಅವನದು.

ಈಗ ಫೋನಿಗೆ ಬನ್ನಿ. ನಿಮ್ಮ ಮೆಕ್ಕೆಜೋಳದ ಹೊಲದಲ್ಲಿ ತೇವ ಅಳೆಯುವ 50 ಸೆನ್ಸರ್ ಇಟ್ಟಿದ್ದೀರಿ ಎಂದುಕೊಳ್ಳಿ. ಎಲ್ಲಕ್ಕೂ ಜಿಪಿಎಸ್ ಹಾಕಿದರೆ ಖರ್ಚೂ ಹೆಚ್ಚು, ಬ್ಯಾಟರಿಯೂ ನಿಲ್ಲದು. ನಾಲ್ಕೈದಕ್ಕೆ ಜಾಗ ಗೊತ್ತಿದ್ದರೆ ಉಳಿದವು ಅಕ್ಕಪಕ್ಕದವುಗಳ ಸಿಗ್ನಲ್ ಅಳೆದು ತಮ್ಮ ಜಾಗ ಕಂಡುಕೊಳ್ಳಬಲ್ಲವು. ಗುಡ್ಡದಿಂದ ಗುಡ್ಡಕ್ಕೆ ಹೋದ ಅದೇ ಉಪಾಯ, ತಪ್ಪು ಬೆಳೆಯುವ ಅದೇ ತೊಡಕು. ಫೋನಿನ ಜಿಪಿಎಸ್‌ಗೆ ಗುಡ್ಡಗಳ ಬದಲು ಸುಮಾರು 20,000 ಕಿ.ಮೀ. ಎತ್ತರದ ಉಪಗ್ರಹಗಳಿವೆ. ಅವು ತಾವೆಲ್ಲಿದ್ದೇವೆ, ಈಗ ಸಮಯವೆಷ್ಟು ಎಂದು ಸಾರುತ್ತಲೇ ಇರುತ್ತವೆ. ಸಿಗ್ನಲ್ ಬಂದು ಮುಟ್ಟಲು ಹಿಡಿದ ಹೊತ್ತಿನಿಂದ ಫೋನ್ ದೂರ ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ಜಾಗ ಗೊತ್ತಾಗುತ್ತದೆ. ರೇಡಿಯೊ ಕೇಳಿದ ಹಾಗೆ, ಬರೀ ಕೇಳಿಸಿಕೊಳ್ಳುವುದು. ಇದಕ್ಕೆ ಸಿಮ್ ಕೂಡ ಬೇಡ. ಇಂಟರ್ನೆಟ್ ಬೇಕಾಗುವುದು ನಕ್ಷೆಯ ಚಿತ್ರ ಇಳಿಸಲು, ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಲು.

ಹಾಗಾಗಿ ನೆಟ್ ಇಲ್ಲದ ಕಡೆ ಮ್ಯಾಪ್ ತೆರೆಯಿರಿ. ಊರು, ರಸ್ತೆ ಕಾಣದೆ ಖಾಲಿ ಇದ್ದರೂ ನೀಲಿ ಚುಕ್ಕೆ ಕಾಣುತ್ತದೆ. ಅದರ ಮೇಲೆ ಬೆರಳು ಒತ್ತಿ ಹಿಡಿದರೆ 14 ಅಥವಾ 15ರಿಂದ ಒಂದು, 75 ಅಥವಾ 76ರಿಂದ ಇನ್ನೊಂದು ಸಂಖ್ಯೆ ಬರುತ್ತದೆ. ಚುಕ್ಕೆಯ ನಂತರದ ನಾಲ್ಕು ಅಂಕಿ ಸಾಕು, ಅಷ್ಟರಲ್ಲಿ ಸುಮಾರು 11 ಮೀಟರ್ ಒಳಗೆ ಜಾಗ ಸಿಗುತ್ತದೆ. ಡೇಟಾ ಸತ್ತಿದ್ದರೂ ಒಂದೆರಡು ಕಡ್ಡಿ ಸಿಗ್ನಲ್ ಇದ್ದರೆ ಆ ಎರಡು ಸಂಖ್ಯೆಗಳನ್ನು ಮನೆಯವರಿಗೆ ಎಸ್ಸೆಮ್ಮೆಸ್ ಮಾಡಿ, 108 ಅಥವಾ 112ಕ್ಕೆ ಕರೆ ಮಾಡಿ ಓದಿ ಹೇಳಿ. ಬಂಡೆಯ ಸಂದಿಯಲ್ಲಿ, ಮನೆಯೊಳಗೆ ಚುಕ್ಕೆ ತಪ್ಪು ಜಾಗ ತೋರಿಸಬಹುದು. ಸಾಧ್ಯವಾದರೆ ಆಕಾಶ ಕಾಣುವ ಬಯಲಿಗೆ ಬನ್ನಿ. ಡೇಟಾ ಇಲ್ಲದಿದ್ದಾಗ ಮೊದಲ ಸಲ ಕೆಲವು ನಿಮಿಷ ಹಿಡಿಯುತ್ತದೆ, ಕಾಯಿರಿ.