ರೂವಾರಿ ಮಲ್ಲಿತಮ್ಮ: ರುಜುಗಳಿಂದ ತಿಳಿಯುವ ಬದುಕು

ಹೊಯ್ಸಳ ದೇವಾಲಯಗಳನ್ನು ಕಟ್ಟಿಸಿದವರನ್ನು ಕುರಿತು ಶಾಸನಗಳು ಧಾರಾಳವಾಗಿ ಹೇಳುತ್ತವೆ. ಕಟ್ಟಿದವರ ವಿಷಯದಲ್ಲಿ ಅವು ಬಹುಮಟ್ಟಿಗೆ ಮೌನ. ಆ ಮೌನವನ್ನು ಜನಮಾನಸವು ಜಕಣಾಚಾರಿಯ ಐತಿಹ್ಯದಿಂದ ತುಂಬಿಕೊಂಡಿತು. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕತೆ, ಕೈದಾಳದ ಕತೆ ಇವೆಲ್ಲ ಸೊಗಸಾದವೇ. ಆದರೆ ಈ ಕತೆಗಳ ನೆರಳಿನಲ್ಲಿ, ತಾವು ಕಡೆದ ವಿಗ್ರಹಗಳ ಪೀಠದ ಮೇಲೆ ತಮ್ಮ ಹೆಸರನ್ನು ಕೆತ್ತಿಹೋದ ನಿಜವಾದ ಶಿಲ್ಪಿಗಳು ಮರೆಯಾದರು. ಅಂಥವರಲ್ಲಿ ಅತಿ ಹೆಚ್ಚು ಕೃತಿಗಳಿಗೆ ರುಜು ಹಾಕಿದವನು ರೂವಾರಿ ಮಲ್ಲಿತಮ್ಮ.

ರೂಪಕಾರಿ ಎಂಬುದು ರೂವಾರಿಯಾಗಿದೆ; ವಿಗ್ರಹ ಕಡೆಯುವವನು ಎಂದರ್ಥ. ಮಲ್ಲಿತಮ್ಮ ಎಂಬುದು ಇಂದಿನ ಕಿವಿಗೆ ಹೆಂಗಸಿನ ಹೆಸರಿನಂತೆ ಕೇಳಿಸುವುದುಂಟು. ಅಲ್ಲಿರುವುದು ಅಮ್ಮನಲ್ಲ, ತಮ್ಮ. ಸೋಮನಾಥಪುರದ ಮತ್ತೊಬ್ಬ ಶಿಲ್ಪಿ ಮಸಣಿತಮ್ಮನ ಹೆಸರಿನ ರಚನೆಯೂ ಇದೇ ಬಗೆಯದು.

ವಿಷ್ಣುವರ್ಧನನ ಕಾಲದಲ್ಲಿ, 1117ರ ಬೇಲೂರಿನಲ್ಲಿ ದುಡಿದ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಊರು, ತಂದೆಯ ಹೆಸರು, ಬಿರುದುಗಳನ್ನು ಸೇರಿಸಿ ಬರೆಸಿಕೊಂಡರು. ಮಲ್ಲಿತಮ್ಮ ಹಾಗೆ ಮಾಡಲಿಲ್ಲ. ಆದ್ದರಿಂದ ಅವನ ಚರಿತ್ರೆಯನ್ನು ಹುಟ್ಟೂರು, ವಂಶಗಳಿಂದ ಆರಂಭಿಸದೆ ಕೆಲಸದಿಂದಲೇ ಆರಂಭಿಸಬೇಕಾಗುತ್ತದೆ.

ಆ ಕೆಲಸದ ಮೊದಲ ನೆಲೆ ತರೀಕೆರೆ ತಾಲ್ಲೂಕಿನ ಅಮೃತಾಪುರ. ಎರಡನೆಯ ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯ ಅಥವಾ ಅಮೃತೇಶ್ವರ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಮಂಟಪದಲ್ಲಿ, ಗುಮ್ಮಟದಂತೆ ಒಳಬಾಗಿದ ಭುವನೇಶ್ವರಿಗಳ ಕೆತ್ತನೆಯಲ್ಲಿ, ಮಲ್ಲಿತಮ್ಮ ಪಳಗಿದನೆಂದು ವಿದ್ವಾಂಸರು ಗುರುತಿಸಿದ್ದಾರೆ. ಇದೇ ದೇವಾಲಯದ ಶಾಸನವನ್ನು ರಚಿಸಿದವನು ಜನ್ನ. ಒಂದೇ ಆವರಣದಲ್ಲಿ ಕವಿಯೂ ರೂವಾರಿಯೂ ದುಡಿದಿದ್ದಾರೆ. ಒಬ್ಬನಿಗೆ ಕವಿಚಕ್ರವರ್ತಿ ಪದವಿ ದೊರೆತು ಅವನು ಸಾಹಿತ್ಯ ಚರಿತ್ರೆಯಲ್ಲಿ ಅಧ್ಯಾಯವಾದನು. ಇನ್ನೊಬ್ಬನಿಗೆ ಅಡಿಟಿಪ್ಪಣಿಯೂ ಪ್ರಯಾಸದಿಂದ ಸಿಕ್ಕಿತು. ಕನ್ನಡ ಅಧ್ಯಯನ ವಿಭಾಗಗಳು ಜನ್ನನ ಶಾಸನವನ್ನು ಪಾಠ ಮಾಡುವಾಗ ತಲೆಯೆತ್ತಿ ಆ ಭುವನೇಶ್ವರಿಗಳನ್ನೂ ನೋಡಬೇಕಾದ ಅಗತ್ಯವಿದೆ.

ಮುಂದಿನ ಖಚಿತವಾದ ನೆಲೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ. ವೀರ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಉತ್ತರ ಭಾಗದ ಶಿಲ್ಪಗಳು ಮಲ್ಲಿತಮ್ಮನವು, ದಕ್ಷಿಣ ಭಾಗದವು ಬೈಚೋಜನವು. ಈ ಹಂಚಿಕೆ ಗಮನಾರ್ಹವಾದುದು. ಒಂದು ಪಾರ್ಶ್ವವನ್ನು ಪೂರ್ತಿಯಾಗಿ ವಹಿಸಿಕೊಂಡವನು ಒಂಟಿ ಕುಶಲಕರ್ಮಿಯಾಗಿರಲಾರ. ಅವನ ಹಿಂದೆ ಕಲ್ಲು ಒರಟಾಗಿ ಬಿಡಿಸುವವರು, ನುಣುಪು ಮಾಡುವವರು, ಕಲಿಯುವ ಹುಡುಗರು ಇದ್ದಿರಲೇಬೇಕು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಡುಸಾಗುವುದರಿಂದ ಸೂಕ್ಷ್ಮ ಕೆಲಸವನ್ನು ತಡಮಾಡದೆ ಮುಗಿಸುವುದು ಅನುಕೂಲ. ಅದಕ್ಕೂ ಹಲವು ಕೈಗಳು ಬೇಕು. ಜಾವಗಲ್ಲು, ಗೋವಿಂದನಹಳ್ಳಿಗಳಲ್ಲಿಯೂ ಅವನ ಹೆಸರು ಕಾಣಿಸಿಕೊಳ್ಳುತ್ತದೆ.

ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 1258ರಲ್ಲಿ ಪ್ರತಿಷ್ಠೆ ಮಾಡಿಸಿದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಈ ಬದುಕು ತನ್ನ ಪೂರ್ಣತೆಯನ್ನು ಕಾಣುತ್ತದೆ. ಹೊರಗೋಡೆಯ ದೊಡ್ಡ ವಿಗ್ರಹಗಳು 194. ಬಲೆಯ, ಚೌಡೆಯ, ಮಸಣಿತಮ್ಮ ಮೊದಲಾದವರೂ ಇಲ್ಲಿ ರುಜು ಹಾಕಿದ್ದಾರೆ. ಆದರೆ ಸುಮಾರು 40 ವಿಗ್ರಹಗಳ ಮೇಲಿರುವುದು ಮಲ್ಲಿತಮ್ಮನ ಹೆಸರು. ಈ ದೇವಾಲಯವನ್ನು ಕುರಿತು ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ವ ಇಲಾಖೆಯಿಂದ 1917ರಲ್ಲಿ ಗ್ರಂಥ ಪ್ರಕಟಿಸಿದ ಮೇಲೆ ಶಿಲ್ಪಿಗಳ ಹೆಸರುಗಳು ವಿದ್ವತ್ ಚರ್ಚೆಗೆ ಬಂದವು.

ಅಮೃತಾಪುರದಿಂದ ಸೋಮನಾಥಪುರಕ್ಕೆ 62 ವರ್ಷಗಳ ಅಂತರವಿದೆ. ಮೊದಲನೆಯ ಕೆಲಸಕ್ಕೆ ಬಂದಾಗ ಮಲ್ಲಿತಮ್ಮನಿಗೆ ಹದಿನೆಂಟು ವರ್ಷವೆಂದುಕೊಂಡರೂ ಕೊನೆಯದರ ಹೊತ್ತಿಗೆ ಎಂಬತ್ತಾಗುತ್ತದೆ. ಇಬ್ಬರು ಮಲ್ಲಿತಮ್ಮರಿದ್ದರೆಂದು ಊಹಿಸುವುದು ಸುಲಭ. ತಾತನ ಹೆಸರನ್ನು ಮೊಮ್ಮಗನಿಗಿಡುವ ರೂಢಿಯೂ ನಮ್ಮಲ್ಲಿದೆ. ಆದರೆ ನುಗ್ಗೇಹಳ್ಳಿಯ ಹಂಚಿಕೆಯನ್ನು ಲಕ್ಷ್ಯದಲ್ಲಿಟ್ಟರೆ ಬೇರೊಂದು ವಿವರಣೆ ಹೆಚ್ಚು ಸಮಂಜಸವೆನಿಸುತ್ತದೆ. ಮುಪ್ಪಿನಲ್ಲಿ ಅವನು ಉಳಿ ಹಿಡಿದು ಪ್ರತಿ ವಿಗ್ರಹವನ್ನೂ ಕಡೆಯಬೇಕಾಗಿರಲಿಲ್ಲ. ಅವನ ಕೂಟ ಕಡೆದುದಕ್ಕೆ ಅವನ ಹೆಸರು ಬೀಳುತ್ತಿತ್ತು. ಸೋಮನಾಥಪುರದ ರುಜುಗಳು ಕೆಲವೆಡೆ ಮಲ್ಲಿತಮ್ಮ ಎಂದಿದ್ದರೆ ಕೆಲವೆಡೆ ಮಲ್ಲಿ ಎಂದಷ್ಟೇ, ಮತ್ತೆ ಕೆಲವೆಡೆ ಬರಿಯ ಮ ಎಂಬ ಒಂದೇ ಅಕ್ಷರವಾಗಿವೆ. ಕೀರ್ತಿಗಾಗಿ ಬರೆಯುವವನು ಹೆಸರನ್ನು ಹೀಗೆ ಮೊಟಕು ಮಾಡಲಾರ. ಯಾವ ವಿಗ್ರಹ ಯಾರ ಪಾಲಿನದು ಎಂದು ಲೆಕ್ಕ ಹಾಕುವವನಿಗೆ ಆ ಒಂದು ಅಕ್ಷರವೇ ಸಾಕಾಗಿತ್ತು.