ಜ್ಞಾನಸ್ನಾನದ ಮಹಿಮೆ ಮತ್ತು ಸಂತ ಆಗಸ್ಟೀನರು

ದೇವಾಲಯವೊಂದರ ಶತಮಾನೋತ್ಸವವೆಂದರೆ ಅದರ ಕಲ್ಲುಗೋಡೆಗಳ ವಯಸ್ಸಿನ ಲೆಕ್ಕ ಮಾತ್ರವಲ್ಲ; ಅಲ್ಲಿಯ ಜ್ಞಾನಸ್ನಾನದ ತೊಟ್ಟಿಯ ಬಳಿ ಹೊಸ ಜನ್ಮವನ್ನು ಪಡೆದವರ ಲೆಕ್ಕವೂ ಹೌದು. ನಮ್ಮಲ್ಲಿ ಬಹುಮಂದಿ ಎಳೆಯ ಕೂಸುಗಳಾಗಿದ್ದಾಗಲೇ ಹೆತ್ತವರ ತೋಳಿನಲ್ಲಿ ಬಂದು ಆ ಭಾಗ್ಯವನ್ನು ಪಡೆದವರು. ಬೇಡದೆ ಬಂದ ಸಂಪತ್ತಾದುದರಿಂದ ಅದರ ಬೆಲೆಯನ್ನು ನಾವು ಮರೆಯುವುದುಂಟು. ಮೂವತ್ತೆರಡು ವರ್ಷ ಆ ಪುಣ್ಯಜಲದಿಂದ ದೂರವಿದ್ದು, ಕಡೆಗೆ ಕಣ್ಣೀರಿನೊಡನೆ ಅದರ ಬಳಿಗೆ ಬಂದ ಮಹನೀಯರೊಬ್ಬರ ಚರಿತ್ರೆಯನ್ನು ಈ ಶುಭಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ಅವರೇ ಧರ್ಮಸಭೆಯ ಮಹಾಪಂಡಿತರಾದ ಸಂತ ಆಗಸ್ಟೀನರು.

ಆಗಸ್ಟೀನರು ಕ್ರಿ.ಶ. 354ರ ನವೆಂಬರ್ 13ರಂದು ಉತ್ತರ ಆಫ್ರಿಕದ ತಗಾಸ್ತೆ ಎಂಬ ಪಟ್ಟಣದಲ್ಲಿ ಜನಿಸಿದರು. ಅದು ಇಂದಿನ ಅಲ್ಜೀರಿಯ ದೇಶದಲ್ಲಿದೆ. ತಂದೆ ಪತ್ರಿಸಿಯುಸ್ ಆಗಿನ್ನೂ ಕ್ರೈಸ್ತನಾಗಿರಲಿಲ್ಲ. ತಾಯಿ ಮೋನಿಕಾ ಭಕ್ತೆ. ಮಗುವಿನ ಮೇಲೆ ಶಿಲುಬೆಯ ಗುರುತು ಹಾಕಿಸಿ, ನಾಲಿಗೆಗೆ ಪವಿತ್ರ ಉಪ್ಪನ್ನು ಸೋಕಿಸಿ, ತಾಯಿ ಅವರನ್ನು ದೀಕ್ಷಾರ್ಥಿಗಳ ಸಾಲಿಗೆ ಸೇರಿಸಿದಳು. ಆದರೆ ಜ್ಞಾನಸ್ನಾನವನ್ನು ಮಾತ್ರ ಕೊಡಿಸಲಿಲ್ಲ. ಬಾಲ್ಯದಲ್ಲಿ ಒಮ್ಮೆ ಹೊಟ್ಟೆನೋವು ವಿಪರೀತವಾಗಿ ಸಾವು ಸಮೀಪಿಸಿದಂತೆ ತೋರಿದಾಗ, ಹುಡುಗ ತಾನಾಗಿಯೇ ಜ್ಞಾನಸ್ನಾನವನ್ನು ಬೇಡಿದನು. ತಾಯಿ ಆತುರಾತುರವಾಗಿ ಏರ್ಪಾಟು ಮಾಡುತ್ತಿರುವಷ್ಟರಲ್ಲಿ ಕಾಯಿಲೆ ಗುಣವಾಯಿತು; ಸಂಸ್ಕಾರವೂ ಮುಂದಕ್ಕೆ ಹೋಯಿತು. ಜ್ಞಾನಸ್ನಾನದ ಅನಂತರ ಮಾಡುವ ಪಾಪ ಹೆಚ್ಚು ಘೋರವಾದುದು, ಆದುದರಿಂದ ಯೌವನದ ಬಿರುಗಾಳಿ ಕಳೆಯಲಿ ಎಂಬುದು ಅಂದಿನ ಅನೇಕ ಹೆತ್ತವರ ಎಣಿಕೆಯಾಗಿತ್ತು. ಗಾಯ ಇನ್ನಷ್ಟು ಆಗಲಿ, ಆಮೇಲೆ ಮದ್ದು ಹಾಕೋಣವೆಂಬ ಈ ಲೆಕ್ಕಾಚಾರವನ್ನು ಮುಂದೆ ಆಗಸ್ಟೀನರು ದುಃಖದಿಂದ ನೆನೆದರು.

ಕಾರ್ಥೇಜ್ ನಗರದಲ್ಲಿ ವಿದ್ಯಾಭ್ಯಾಸ ಮಾಡುವಾಗ ಅವರ ಬುದ್ಧಿ ಬೆಳಗಿತು, ಬಾಳು ದಾರಿತಪ್ಪಿತು. ವಿವಾಹವಿಲ್ಲದೆ ಒಬ್ಬ ಸ್ತ್ರೀಯೊಡನೆ ಸಂಸಾರ ಹೂಡಿ, ಅದೇಯೊದಾತುಸ್ ಎಂಬ ಮಗನನ್ನು ಪಡೆದರು. ಬೆಳಕು ಮತ್ತು ಕತ್ತಲೆ ಎಂಬ ಎರಡು ಮೂಲತತ್ತ್ವಗಳನ್ನು ಬೋಧಿಸುತ್ತಿದ್ದ ಮಾನಿಕೇಯ ಪಂಥಕ್ಕೆ ಸೇರಿ, ಸುಮಾರು ಒಂಬತ್ತು ವರ್ಷ ಅದರಲ್ಲಿಯೇ ಉಳಿದರು.

ಆ ದಿನಗಳಲ್ಲಿಯೇ ತಗಾಸ್ತೆಯಲ್ಲಿ ನಡೆದ ಘಟನೆಯೊಂದು ಅವರ ಹೃದಯವನ್ನು ಇರಿಯಿತು. ಬಾಲ್ಯದ ಗೆಳೆಯನೊಬ್ಬ ಜ್ವರದಿಂದ ಪ್ರಜ್ಞೆತಪ್ಪಿ ಮಲಗಿದ್ದಾಗ ಮನೆಯವರು ಅವನಿಗೆ ಜ್ಞಾನಸ್ನಾನ ಕೊಡಿಸಿದರು. ಅವನಿಗೆ ಎಚ್ಚರ ಬಂದೊಡನೆ ಆಗಸ್ಟೀನರು, ಅರಿವಿಲ್ಲದ ದೇಹಕ್ಕೆ ಸುರಿದ ನೀರಿನಿಂದೇನು ಪ್ರಯೋಜನವೆಂಬ ಭಾವದಿಂದ ಆ ಸಂಸ್ಕಾರವನ್ನು ಹಾಸ್ಯಮಾಡಿದರು. ಅವನೂ ತಮ್ಮೊಡನೆ ನಗುವನೆಂದು ಅವರು ತಿಳಿದಿದ್ದರು. ಆದರೆ ಆ ಗೆಳೆಯನು ಶತ್ರುವನ್ನು ಕಂಡವನಂತೆ ನೋಡಿ, ಸ್ನೇಹ ಉಳಿಯಬೇಕಾದರೆ ಇಂಥ ಮಾತನ್ನು ಆಡಕೂಡದೆಂದು ಕಟುವಾಗಿ ಎಚ್ಚರಿಸಿದನು. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿ ಅವನು ತೀರಿಕೊಂಡನು. ತಾವು ಹಾಸ್ಯಮಾಡಿದ ನೀರು ಗೆಳೆಯನೊಳಗೆ ಏನನ್ನೋ ಮಾಡಿತ್ತೆಂಬುದನ್ನು ಅರಿಯಲು ಅವರಿಗೆ ಇನ್ನೂ ಹತ್ತು ವರ್ಷಗಳು ಬೇಕಾದವು.

383ರಲ್ಲಿ ಅವರು ರೋಮಿಗೆ ಹೋದರು. ಮರುವರ್ಷ ಮಿಲಾನ್ ನಗರದಲ್ಲಿ ವಾಕ್ಚಾತುರ್ಯದ ಉಪಾಧ್ಯಾಯರಾದರು. ಅಲ್ಲಿನ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರ ಭಾಷಣಶೈಲಿಯನ್ನು ಸವಿಯಲು ಹೋದವರು ಅವರ ಬೋಧನೆಗೆ ಸೋತರು. ಆದರೂ ಜ್ಞಾನಸ್ನಾನವೊಂದನ್ನು ಮಾತ್ರ ಮುಂದೂಡುತ್ತಲೇ ಇದ್ದರು. ಆಗ ಸಿಂಪ್ಲಿಸಿಯಾನುಸ್ ಎಂಬ ವೃದ್ಧ ಗುರುಗಳು ಅವರಿಗೆ ಒಂದು ವೃತ್ತಾಂತವನ್ನು ಹೇಳಿದರು. ರೋಮಿನ ಮಹಾವಿದ್ವಾಂಸ ವಿಕ್ಟೋರಿನುಸ್ ಪವಿತ್ರ ಗ್ರಂಥವನ್ನೋದಿ, ತಾನು ಕ್ರೈಸ್ತನೇ ಆಗಿದ್ದೇನೆಂದು ಗುಟ್ಟಾಗಿ ಹೇಳಿಕೊಳ್ಳುತ್ತಿದ್ದನು. ದೇವಾಲಯದೊಳಗೆ ನೋಡದೆ ನಂಬಲಾರೆನೆಂದು ಈ ಗುರುಗಳು ಹೇಳಿದರೆ, ಗೋಡೆಗಳೇ ಮನುಷ್ಯನನ್ನು ಕ್ರೈಸ್ತನನ್ನಾಗಿ ಮಾಡುವುವೇನು ಎಂದು ಅವನು ನಗುತ್ತಿದ್ದನು. ಕಡೆಗೊಂದು ದಿನ ತಾನಾಗಿಯೇ ದೇವಾಲಯಕ್ಕೆ ಬಂದು, ಎಲ್ಲರೆದುರು ವಿಶ್ವಾಸವನ್ನು ಪ್ರಕಟಿಸಿ ಜ್ಞಾನಸ್ನಾನ ಹೊಂದಿದನು. ಗೋಡೆಗಳು ನಮ್ಮನ್ನು ಕ್ರೈಸ್ತರನ್ನಾಗಿ ಮಾಡುವುದಿಲ್ಲ, ನಿಜ; ಆದರೆ ಆ ಗೋಡೆಗಳೊಳಗೆ ನೆರೆದ ಸಹೋದರರನ್ನು ತೊರೆದು, ಒಂಟಿಯಾಗಿ ಮನದೊಳಗೇ ಕ್ರೈಸ್ತನಾಗಿರುವೆನೆಂಬವನು ಕ್ರಿಸ್ತರ ಶರೀರದಿಂದ ದೂರವಿದ್ದಾನೆ. ಈ ಪಾಠ ಆಗಸ್ಟೀನರಿಗೆ ನಾಟಿತು.

386ರ ಬೇಸಿಗೆಯಲ್ಲಿ, ಮಿಲಾನಿನ ತೋಟವೊಂದರಲ್ಲಿ ಅಳುತ್ತಾ ಬಿದ್ದಿದ್ದ ಅವರು ಸಂತ ಪೌಲರು ರೋಮನರಿಗೆ ಬರೆದ ಪತ್ರವನ್ನು ತೆರೆದರು. ಕ್ರಿಸ್ತರನ್ನೇ ವಸ್ತ್ರದಂತೆ ಧರಿಸಿಕೊಳ್ಳಲು ಆಜ್ಞಾಪಿಸುವ ವಾಕ್ಯ ಅವರ ಕಣ್ಣಿಗೆ ಬಿತ್ತು. ಸಂಶಯದ ಕತ್ತಲೆ ಹರಿಯಿತು. ಅವರು ಹುದ್ದೆಯನ್ನು ಬಿಟ್ಟರು. ಮುಂದಿನ ತಪಸ್ಸುಕಾಲಕ್ಕೆ ದೀಕ್ಷಾರ್ಥಿಯಾಗಿ ಹೆಸರು ಕೊಟ್ಟರು. 387ರ ಏಪ್ರಿಲ್ 24ರ ರಾತ್ರಿ, ಪಾಸ್ಖ ಜಾಗರಣೆಯಲ್ಲಿ, ಗೆಳೆಯ ಅಲಿಪಿಯುಸ್ ಮತ್ತು ಹದಿಹರೆಯದ ಮಗ ಅದೇಯೊದಾತುಸನೊಡನೆ ಅವರು ಅಂಬ್ರೋಸರಿಂದ ಜ್ಞಾನಸ್ನಾನ ಪಡೆದರು. ಸೈತಾನನನ್ನು ತ್ಯಜಿಸಿ ಪೂರ್ವಕ್ಕೆ ತಿರುಗುವುದು, ಪಿತ, ಸುತ, ಪವಿತ್ರಾತ್ಮರಲ್ಲಿ ವಿಶ್ವಾಸವನ್ನು ನುಡಿದು ಮೂರು ಬಾರಿ ಮುಳುಗುವುದು, ಶಿರಸ್ಸಿಗೆ ತೈಲಾಭಿಷೇಕ, ಹೊಸಬರ ಪಾದ ತೊಳೆಯುವುದು, ಬಿಳಿಯ ಉಡುಪು - ಇದು ಅಂದಿನ ಮಿಲಾನಿನ ಪದ್ಧತಿ. ತೊಟ್ಟಿಗೆ ಎಂಟು ಮೂಲೆಗಳು; ಸೃಷ್ಟಿಯ ಏಳು ದಿನಗಳನ್ನು ಮೀರಿದ ಎಂಟನೆಯ ದಿನ, ಅಂದರೆ ಪುನರುತ್ಥಾನದ ದಿನ, ಎಂಬುದು ಅದರ ಅರ್ಥ. ಮಿಲಾನಿನ ಮಹಾದೇವಾಲಯದ ಮುಂದಿನ ಅಂಗಳದಡಿಯಲ್ಲಿ ಅದರ ಅವಶೇಷಗಳು ಇಂದಿಗೂ ಇವೆ. ಅಲ್ಲಿಗೆ ಒಬ್ಬ ತಂದೆಯೂ ಒಬ್ಬ ಮಗನೂ ಇಳಿದರು. ಕೃಪೆಯಲ್ಲಿ ಒಂದೇ ವಯಸ್ಸಿನವರಾಗಿ ಏರಿಬಂದರು.

ಮಗನಿಗಾಗಿ ವರ್ಷಗಟ್ಟಲೆ ಕಣ್ಣೀರಿಟ್ಟ ಮೋನಿಕಾ ಅದೇ ವರ್ಷ ರೋಮಿನ ಬಂದರಾದ ಓಸ್ತಿಯದಲ್ಲಿ ಕಣ್ಮುಚ್ಚಿದಳು. ಆಫ್ರಿಕಕ್ಕೆ ಮರಳಿದ ಮೇಲೆ ಅದೇಯೊದಾತುಸನೂ ಚಿಕ್ಕ ಪ್ರಾಯದಲ್ಲೇ ತೀರಿಕೊಂಡನು. ತಂದೆಗೆ ಶೋಕವಿತ್ತು, ಭಯವಿರಲಿಲ್ಲ. ಮಗನು ಯಾರಿಗೆ ಸೇರಿದವನೆಂಬುದು ಅವರಿಗೆ ತಿಳಿದಿತ್ತು.

391ರಲ್ಲಿ ಹಿಪ್ಪೋ ಪಟ್ಟಣದ ಜನರು ಒತ್ತಾಯದಿಂದ ಅವರಿಗೆ ಗುರುದೀಕ್ಷೆ ಕೊಡಿಸಿದರು. ಕೆಲವೇ ವರ್ಷಗಳಲ್ಲಿ ಅವರು ಅಲ್ಲಿಯ ಧರ್ಮಾಧ್ಯಕ್ಷರಾದರು. ಆಗ ಆಫ್ರಿಕದ ಧರ್ಮಸಭೆ ಒಡೆದು ಹೋಗಿತ್ತು. ಹಿಂದಿನ ಹಿಂಸಾಚಾರದ ಕಾಲದಲ್ಲಿ ಪವಿತ್ರ ಗ್ರಂಥಗಳನ್ನು ಶತ್ರುಗಳಿಗೊಪ್ಪಿಸಿದವರೂ ಅವರ ಸಹವಾಸಿಗಳೂ ಕೊಡುವ ಸಂಸ್ಕಾರಗಳು ವ್ಯರ್ಥವೆಂದು ದೊನಾತಿಸ್ಟರೆಂಬವರು ವಾದಿಸಿ, ತಮ್ಮಲ್ಲಿಗೆ ಬಂದವರಿಗೆ ಮತ್ತೆ ಜ್ಞಾನಸ್ನಾನ ಕೊಡುತ್ತಿದ್ದರು. ಆಗಸ್ಟೀನರು ಇದನ್ನು ಒಪ್ಪಲಿಲ್ಲ. ನೀರು ಸುರಿಯುವ ಕೈ ಯಾರದೇ ಇರಲಿ, ಜ್ಞಾನಸ್ನಾನ ಕೊಡುವವರು ಕ್ರಿಸ್ತರೇ ಎಂದು ಬೋಧಿಸಿದರು. ಕಾಲುವೆಯ ಕಲ್ಲು ತಾನು ಚಿಗುರದಿದ್ದರೂ ಅದರಲ್ಲಿ ಹರಿದ ನೀರು ತೋಟವನ್ನು ಚಿಗುರಿಸುವುದಲ್ಲವೇ? ದಂಡಿನಿಂದ ಓಡಿಹೋದ ಸೈನಿಕನ ಮೈಮೇಲಿನ ಮುದ್ರೆ ಅಳಿಯದು. ಮರಳಿ ಬಂದಾಗ ಅದನ್ನು ಮತ್ತೆ ಒತ್ತಬೇಕಾಗಿಯೂ ಇಲ್ಲ. ಹಾಗೆಯೇ ಜ್ಞಾನಸ್ನಾನದ ಮುದ್ರೆಯೂ ಶಾಶ್ವತವೆಂದು ಅವರು ವಿವರಿಸಿದರು.

ಮನುಷ್ಯನು ಸ್ವಪ್ರಯತ್ನದಿಂದಲೇ ಪರಿಶುದ್ಧನಾಗಬಲ್ಲನೆಂಬ ಪೆಲಾಗಿಯುಸನ ಬೋಧನೆಗೆ ಅವರು ಕೂಸುಗಳನ್ನೇ ಉತ್ತರವಾಗಿ ತೋರಿಸಿದರು. ಕೂಸು ಯಾವ ಪುಣ್ಯವನ್ನೂ ಗಳಿಸಿಲ್ಲ. ಆದರೂ ಧರ್ಮಸಭೆ ತಾಯಿಯಂತೆ ತನ್ನ ವಿಶ್ವಾಸವನ್ನು ಅದಕ್ಕೆ ಎರವು ಕೊಟ್ಟು ತೊಟ್ಟಿಯ ಬಳಿಗೆ ಎತ್ತಿಕೊಂಡು ಬರುತ್ತದೆ. ವರಪ್ರಸಾದವು ನಮ್ಮ ಯೋಗ್ಯತೆಗಿಂತ ಮುಂಚಿತವಾಗಿಯೇ ಬರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಪ್ರಜ್ಞೆಯಿಲ್ಲದ ಗೆಳೆಯನ ಜ್ಞಾನಸ್ನಾನವನ್ನು ನಕ್ಕವರೇ ಮಾತು ಬಾರದ ಕೂಸಿನ ಜ್ಞಾನಸ್ನಾನಕ್ಕೆ ವಕೀಲರಾದರು. 430ರ ಆಗಸ್ಟ್ 28ರಂದು, ವಾಂಡಲರು ಹಿಪ್ಪೋ ಪಟ್ಟಣವನ್ನು ಮುತ್ತಿಕೊಂಡಿದ್ದಾಗ, ಪಶ್ಚಾತ್ತಾಪದ ಕೀರ್ತನೆಗಳನ್ನು ಓದುತ್ತಾ ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಈ ಪುಣ್ಯಪುರುಷರ ಬಾಳು ನಮಗೆ ಕಲಿಸುವುದೇನು? ಜ್ಞಾನಸ್ನಾನ ನಮ್ಮ ಒಳ್ಳೆಯತನಕ್ಕೆ ಸಂದ ಬಹುಮಾನವಲ್ಲ, ದೇವರು ತಾನೇ ಮೊದಲು ಚಾಚಿದ ಕೈ. ಇಂದು ನಾವು ಪಾಪಭಯದಿಂದ ಅದನ್ನು ಮುಂದೂಡುವುದಿಲ್ಲ. ದೂರದೂರಿನ ನಂಟರು ಬರಲೆಂದೋ, ಔತಣಕ್ಕೆ ಹಣ ಕೂಡಿಬರಲೆಂದೋ ಮುಂದೂಡುತ್ತೇವೆ. ಜ್ಞಾನಪಿತರನ್ನು ಆರಿಸುವಾಗ ಅವರ ವಿಶ್ವಾಸಕ್ಕಿಂತ ಅಂತಸ್ತನ್ನು ನೋಡುತ್ತೇವೆ. ಇದನ್ನು ತಿದ್ದಿಕೊಳ್ಳುವುದೇ ಶತಮಾನೋತ್ಸವಕ್ಕೆ ನಾವು ಸಲ್ಲಿಸಬಹುದಾದ ನಿಜವಾದ ಕಾಣಿಕೆ. ನಮ್ಮ ನಡುವೆ ಮುನಿಸಿನಿಂದಲೋ, ನಾಚಿಕೆಯಿಂದಲೋ ದೇವಾಲಯದ ಮೆಟ್ಟಿಲೇರದೆ ಉಳಿದ ಸಹೋದರ ಸಹೋದರಿಯರೂ ಇದ್ದಾರೆ. ಅವರ ಮುದ್ರೆಯೂ ಅಳಿದಿಲ್ಲ. ಅವರನ್ನು ಅಪರಿಚಿತರೆಂದಲ್ಲ, ಮನೆಯವರೆಂದೇ ಕರೆಯುವ ಹೊಣೆ ನಮ್ಮದು. ಪ್ರತಿವರ್ಷ ಪಾಸ್ಖ ಜಾಗರಣೆಯಲ್ಲಿ ಉರಿಯುವ ಮೇಣದಬತ್ತಿ ಹಿಡಿದು ನಾವು ನವೀಕರಿಸುವ ಪ್ರತಿಜ್ಞೆ ಬಾಯಿಮಾತಾಗದಿರಲಿ. ಆ ರಾತ್ರಿ ಬಲಿಪೀಠದ ಮುಂದೆ ಅವರ ಸ್ಥಳ ಖಾಲಿಯಾಗದಿರಲಿ ಎಂದು ಸಂತ ಆಗಸ್ಟೀನರ ಬಿನ್ನಹವನ್ನು ಬೇಡೋಣ.